ಕಡಲಾಳದ ಮೌನಕ್ಕೂ ಒಂದು ಅವಧಿ ಇರಲಿ

ಸೈನಿಕನ ಶೌರ್ಯವನ್ನು ಅಳೆಯಲು ನಮ್ಮ ಸಮಾಜಕ್ಕೆ ಗೊತ್ತಿರುವ ಮಾನದಂಡ ಒಂದೇ: ಆತ ಏನು ಮಾಡಿದ? ಯಾವ ಶಿಖರ ಏರಿದ, ಯಾವ ಠಾಣೆ ಗೆದ್ದ ಎಂಬ ಪ್ರಶ್ನೆಗಳಿಗೆ ಉತ್ತರವಿದ್ದರೆ ಶೌರ್ಯಕ್ಕೆ ಕಥೆಯ ರೂಪ ಬರುತ್ತದೆ. ಕಥೆಯಿದ್ದರೆ ವೃತ್ತಕ್ಕೊಂದು ಹೆಸರು, ರಸ್ತೆಗೊಂದು ಫಲಕ ಸಿಗುತ್ತದೆ. ಆದರೆ ಸೇನೆಯ ಒಂದು ವಿಭಾಗದಲ್ಲಿ ಈ ಮಾನದಂಡವೇ ತಲೆಕೆಳಗಾಗುತ್ತದೆ. ಜಲಾಂತರ್ಗಾಮಿಯ ನಾವಿಕ ತನ್ನ ಕೆಲಸವನ್ನು ಸಮರ್ಪಕವಾಗಿ ಮಾಡಿದ್ದಾನೆ ಎನ್ನುವುದಕ್ಕೆ ಇರುವ ಪುರಾವೆ, ಆತ ಅಲ್ಲಿದ್ದ ಎಂಬುದೇ ಯಾರಿಗೂ ತಿಳಿಯದೆ ಹೋಗುವುದು. ಹೋದದ್ದು ಕಾಣಬಾರದು, ಇದ್ದದ್ದು ಕೇಳಿಸಬಾರದು, ಬಂದದ್ದು ಸುದ್ದಿಯಾಗಬಾರದು. ಇಂಥ ಕೆಲಸದಲ್ಲಿ ಯೌವನವನ್ನೆಲ್ಲ ಕಳೆದ ಮನುಷ್ಯ ತೀರಿಕೊಂಡಾಗ ಅವನನ್ನು ನೆನೆಯುವುದು ಹೇಗೆ?

ಕಳೆದ ತಿಂಗಳು ತಮ್ಮ 78ನೇ ವಯಸ್ಸಿನಲ್ಲಿ ನಿಧನರಾದ ನನ್ನ ಗೆಳೆಯರೊಬ್ಬರ ಸಾವು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿದೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬದುಕಿದ್ದಾಗ ಅವರು ಅದನ್ನು ಮೆಚ್ಚುತ್ತಿರಲಿಲ್ಲ. ಗದಗ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಕೆರೆಯ ನೀರನ್ನಷ್ಟೇ ಕಂಡು ಬೆಳೆದು, ಹದಿನೆಂಟರ ಹರೆಯದಲ್ಲಿ ನೌಕಾಪಡೆ ಸೇರುವಾಗ ಮೊದಲ ಬಾರಿಗೆ ಸಮುದ್ರವನ್ನು ನೋಡಿದವರು ಅವರು. ಅಧಿಕಾರಿಯಾಗಿರಲಿಲ್ಲ, ವಿದ್ಯುತ್ ವಿಭಾಗದ ನಾವಿಕರಾಗಿದ್ದರು. 1970ರ ಸುಮಾರಿಗೆ ಜಲಾಂತರ್ಗಾಮಿ ದಳ ಸೇರಿ, ನಿವೃತ್ತಿಯವರೆಗೂ ಅದರಲ್ಲೇ ಉಳಿದರು. ನಂತರ ಬೆಂಗಳೂರಿಗೆ ಬಂದು, ಕೆಲಕಾಲ ಸಾರ್ವಜನಿಕ ಉದ್ದಿಮೆಯೊಂದರಲ್ಲಿ ದುಡಿದು, ಕೊನೆಯ ಇಪ್ಪತ್ತೈದು ವರ್ಷ ನಮ್ಮ ಬೀದಿಯಲ್ಲೇ ನೆಲೆಸಿದ್ದರು.

ಅವರ ಸೇವೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಭಾರತದ ಜಲಾಂತರ್ಗಾಮಿ ದಳದ ಆರಂಭದ ದಿನಗಳನ್ನು ನೆನಪಿಸಿಕೊಳ್ಳಬೇಕು. ನಮ್ಮ ಮೊದಲ ಜಲಾಂತರ್ಗಾಮಿ ಐಎನ್ಎಸ್ ಕಲ್ವರಿ ಸೇವೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು, ಅಂದಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ. ಅದರ ಮೊದಲ ಕಮಾಂಡರ್ ಕೆ.ಎಸ್. ಸುಬ್ರಮಣಿಯನ್. ಆ ವರ್ಷದ ಅರಬ್–ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿದ್ದರಿಂದ ಹೊಸ ನೌಕೆ ಇಡೀ ಆಫ್ರಿಕಾ ಖಂಡವನ್ನು ಸುತ್ತಿಕೊಂಡು 1968ರಲ್ಲಿ ವಿಶಾಖಪಟ್ಟಣ ತಲುಪಿತು. ಅದರ ಹಿಂದೆಯೇ ಖಂಡೇರಿ, ಕರಂಜ್ ಮತ್ತು ಕುರ್ಸುರಾ ಬಂದವು. 1973–74ರಲ್ಲಿ ಇನ್ನೂ ನಾಲ್ಕು ಸೇರಿದವು. ಇವೆಲ್ಲವೂ ಪಾಶ್ಚಾತ್ಯರು ‘ಫಾಕ್ಸ್‌ಟ್ರಾಟ್’ ಎಂದು ಹೆಸರಿಟ್ಟಿದ್ದ ಸೋವಿಯತ್ ಮಾದರಿಯವು. ಇವುಗಳ ಸಿಬ್ಬಂದಿ ಸೋವಿಯತ್ ನೆಲದಲ್ಲಿ ತರಬೇತಿ ಪಡೆದವರು. ರಷ್ಯನ್ ಭಾಷೆ ಕಲಿತು, ರಷ್ಯನ್ ಅಕ್ಷರಗಳಲ್ಲೇ ಬರೆದಿದ್ದ ಯಂತ್ರಫಲಕಗಳನ್ನು ಓದಲು ಅಭ್ಯಾಸ ಮಾಡಿಕೊಂಡವರು. ಕನ್ನಡ ಶಾಲೆಯಲ್ಲಿ ಓದಿದ್ದ ನನ್ನ ಗೆಳೆಯರಿಗೆ ಇಂಗ್ಲಿಷ್‌ಗಿಂತ ರಷ್ಯನ್ ಬೈಗುಳಗಳೇ ಹೆಚ್ಚು ಸಲೀಸಾಗಿದ್ದವು.

ಸುಮಾರು 91 ಮೀಟರ್ ಉದ್ದದ, ಏಳು ವಿಭಾಗಗಳ ಉಕ್ಕಿನ ಕೊಳವೆ ಅದು. ಹೆಚ್ಚುಕಡಿಮೆ 75 ಜನ, 22 ಟಾರ್ಪೆಡೊಗಳು, ಮೂರು ಡೀಸೆಲ್ ಎಂಜಿನ್‌ಗಳು, ನೂರಾರು ಬ್ಯಾಟರಿ ಕೋಶಗಳು. ನೀರಿನ ಮೇಲಿದ್ದಾಗ, ಇಲ್ಲವೇ ಸ್ನಾರ್ಕೆಲ್ ಎಂಬ ಉಸಿರ್ಗೊಳವೆಯನ್ನು ಅಲೆಗಳ ಮೇಲಕ್ಕೆ ಚಾಚಿಕೊಂಡಾಗ ಮಾತ್ರ ಡೀಸೆಲ್ ಎಂಜಿನ್ ಓಡಬಲ್ಲದು, ಏಕೆಂದರೆ ಅದಕ್ಕೆ ಗಾಳಿ ಬೇಕು. ಪೂರ್ತಿ ಮುಳುಗಿದ ಮೇಲೆ ಬ್ಯಾಟರಿಯೇ ಜೀವಾಳ. ಕಾಲ್ನಡಿಗೆಯ ವೇಗದಲ್ಲಿ ಹೋದರೆ ಕೆಲವು ದಿನ ಅಡಗಿರಬಹುದು. ಅವಸರ ಮಾಡಿದರೆ ಕೆಲವೇ ಗಂಟೆಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಮೇಲೆದ್ದು ಬ್ಯಾಟರಿ ತುಂಬಿಸಿಕೊಳ್ಳುವ ಹೊತ್ತೇ ಶತ್ರುವಿನ ಕಣ್ಣಿಗೆ ಬೀಳುವ ಹೊತ್ತು. ಹಾಗೆ ತುಂಬಿಸುವಾಗ ಹೊರಡುವ ಜಲಜನಕ ಒಂದೆಡೆ ಶೇಖರವಾದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ಈ ಬ್ಯಾಟರಿಗಳ ಉಸ್ತುವಾರಿಯೇ ನನ್ನ ಗೆಳೆಯರ ಕೆಲಸವಾಗಿತ್ತು. ತೆವಳಿಕೊಂಡು ಹೋಗಬೇಕಾದಷ್ಟು ಇಕ್ಕಟ್ಟಿನ ಜಾಗದಲ್ಲಿ ಒಂದೊಂದೇ ಕೋಶವನ್ನು ಪರೀಕ್ಷಿಸುತ್ತಾ ಅವರು ಎಷ್ಟು ರಾತ್ರಿಗಳನ್ನು ಕಳೆದರೋ, ಲೆಕ್ಕ ಇಟ್ಟವರಿಲ್ಲ.

ಈ ಬದುಕು ಅವರ ಮೈಮನಗಳಲ್ಲಿ ಉಳಿಸಿಹೋಗಿದ್ದ ಗುರುತುಗಳು ನಮ್ಮ ಬೀದಿಗೆಲ್ಲ ಪರಿಚಿತವಾಗಿದ್ದವು, ಅವುಗಳ ಕಾರಣ ಮಾತ್ರ ಹಲವರಿಗೆ ತಿಳಿದಿರಲಿಲ್ಲ. ಅವರ ಮನೆಯ ಬಾಗಿಲು ಎಂದೂ ಸದ್ದು ಮಾಡಿದ್ದಿಲ್ಲ. ಪಾತ್ರೆಯನ್ನು ಕೆಳಗಿಡುವಾಗಲೂ ಮಗುವನ್ನು ಮಲಗಿಸುವಷ್ಟು ಜೋಪಾನ. ಮೌನಚಾಲನೆಯ ಸ್ಥಿತಿಯಲ್ಲಿರುವ ಜಲಾಂತರ್ಗಾಮಿಯಲ್ಲಿ ಕೈಜಾರಿ ಬಿದ್ದ ಒಂದು ಸ್ಪ್ಯಾನರ್ ಕೂಡ ಎಲ್ಲರ ಸಾವಿಗೆ ಕಾರಣವಾಗಬಹುದೆಂಬ ಎಚ್ಚರ ಅವರನ್ನು ನಿವೃತ್ತಿಯ ನಂತರವೂ ಬಿಡಲಿಲ್ಲ. ಒಂದೇ ಚೊಂಬು ನೀರಿನಲ್ಲಿ ಮುಖ, ಕೈಕಾಲು ತೊಳೆದುಕೊಳ್ಳುತ್ತಿದ್ದರು. ನೀರಿಗೆ ಬರವಿದ್ದ ಊರಿನಿಂದ ಬಂದವರಾದ್ದರಿಂದ ಕಡಲಿನ ನಡುವಿನ ನೀರಿನ ಬರಕ್ಕೆ ಬೇಗ ಒಗ್ಗಿಕೊಂಡೆನೆಂದು ನಗುತ್ತಿದ್ದರು. ವಾರಗಟ್ಟಲೆ ಸ್ನಾನವಿಲ್ಲದೆ, ಡೀಸೆಲ್ ವಾಸನೆ ಹೀರಿದ ಅದೇ ಬಟ್ಟೆಯಲ್ಲಿ, ಮತ್ತೊಬ್ಬ ಎದ್ದುಹೋದ ಬಿಸಿ ಹಾಸಿಗೆಯಲ್ಲೇ ಮಲಗುವುದು ಆ ತಲೆಮಾರಿನ ಜಲಾಂತರ್ಗಾಮಿಗಳ ನಿತ್ಯಕ್ರಮ.

ಇಷ್ಟನ್ನು ಅವರು ಹೇಳುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ, ಏನು ಕಂಡಿರಿ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ‘ಅದೆಲ್ಲಾ ಬ್ಯಾಡ್ರೀ, ಬ್ಯಾರೆ ಏನರ ಮಾತಾಡೋಣು’ ಎಂಬುದು ಅವರ ಸಿದ್ಧ ಉತ್ತರ. 1971ರ ಯುದ್ಧದ ವೇಳೆ ಮೊದಲ ನಾಲ್ಕು ಜಲಾಂತರ್ಗಾಮಿಗಳ ಪೈಕಿ ಒಂದರಲ್ಲಿ ಅವರಿದ್ದರು ಎಂಬುದಷ್ಟೇ ನಮಗೆ ಗೊತ್ತು. ಅವರ ಪತ್ನಿಗೆ ತಿಳಿದಿರುವುದೂ ಹೆಚ್ಚೇನಲ್ಲ. ಹೊರಡುವ ದಿನ ಎಲ್ಲಿಗೆ ಎಂದು ಕೇಳುವಂತಿರಲಿಲ್ಲ. ಎಂದು ಬರುವಿರಿ ಎಂದೂ ಕೇಳುವಂತಿರಲಿಲ್ಲ. ವಿಶಾಖಪಟ್ಟಣದ ನೌಕಾಪಡೆಯ ವಸತಿಗೃಹದಲ್ಲಿ ಎರಡು ಮಕ್ಕಳನ್ನು ಒಬ್ಬರೇ ಸಾಕಿದ ಆ ತಾಯಿ, ಪತಿಯ ಉತ್ತರಕ್ರಿಯೆಯ ದಿನ ನನ್ನೊಡನೆ ಹೇಳಿದ ಮಾತು ಇದು: ‘ಐವತ್ತು ವರ್ಷ ಸಂಸಾರ ಮಾಡೀನ್ರಿ. ಅದರಾಗ ಹದಿನೈದು ವರ್ಷ ಅವರು ಎಲ್ಲಿದ್ರು ಅಂತ ನನಗ ಇವತ್ತಿಗೂ ಗೊತ್ತಿಲ್ಲ.’

ಈ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಕೇಳಿಸಿಕೊಂಡ ನಾವು ಅದನ್ನು ಒಂದು ದೂರಿನಂತೆಯೇ ಪರಿಗಣಿಸಬೇಕು ಎಂದು ನನಗನ್ನಿಸುತ್ತದೆ. ರಾಷ್ಟ್ರದ ರಕ್ಷಣೆಗಾಗಿ ಗುಟ್ಟು ಕಾಯುವುದು ಸೈನಿಕನ ಕರ್ತವ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆ ಗುಟ್ಟಿಗೆ ಒಂದು ಕೊನೆಯ ದಿನಾಂಕ ಇರಬೇಕೇ, ಬೇಡವೇ? ಗುಟ್ಟಿನ ಅಗತ್ಯ ತೀರಿದ ಮೇಲೂ ಅದನ್ನು ಹೊತ್ತುಕೊಂಡೇ ಒಂದು ತಲೆಮಾರು ಚಿತೆಯೇರಬೇಕೇ?

ಪ್ರಶ್ನೆ ಕೇವಲ ಭಾವುಕತೆಯದಲ್ಲ. ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರಕ್ಕೆ ಹೋದವರೆಲ್ಲ ಅಲ್ಲಿ ಮರಳಿನ ಮೇಲೆ ನಿಂತಿರುವ ಐಎನ್ಎಸ್ ಕುರ್ಸುರಾವನ್ನು ನೋಡಿರುತ್ತಾರೆ. 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಈ ಜಲಾಂತರ್ಗಾಮಿ 2002ರಿಂದ ವಸ್ತುಸಂಗ್ರಹಾಲಯ. ಟಿಕೆಟ್ ಕೊಂಡ ಯಾರು ಬೇಕಾದರೂ ಒಳಹೋಗಿ ಟಾರ್ಪೆಡೊ ನಳಿಗೆಯನ್ನು ಮುಟ್ಟಬಹುದು, ಪೆರಿಸ್ಕೋಪಿನ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳಬಹುದು, ಬ್ಯಾಟರಿ ಎಲ್ಲಿತ್ತು, ಸೋನಾರ್ ಕೋಣೆ ಎಷ್ಟು ಚಿಕ್ಕದು ಎಂಬುದನ್ನೆಲ್ಲ ಕೇಳಿ ತಿಳಿಯಬಹುದು. ಆ ಮಾದರಿಯ ಕೊನೆಯ ನೌಕೆ ಐಎನ್ಎಸ್ ವಾಗ್ಲಿ 2010ರಲ್ಲಿ ನಿವೃತ್ತವಾಯಿತು. ಅಂದರೆ ಯಂತ್ರದ ಗುಟ್ಟು ಮುಗಿದು ಎರಡು ದಶಕಗಳೇ ಕಳೆದಿವೆ. ಅದೇ ಯಂತ್ರದೊಳಗೆ ಕೂತು 1971ರಲ್ಲಿ ಶತ್ರುವಿನ ಬಂದರಿನ ಹೊರಗೆ ಕಾದಿದ್ದ ಮನುಷ್ಯನ ನೆನಪು ಮಾತ್ರ ಇನ್ನೂ ಗುಟ್ಟಾಗಿಯೇ ಉಳಿದಿದೆ. ಇದು ಯಾವ ತರ್ಕ?

1971ರ ಯುದ್ಧದಲ್ಲಿ ಜಲಾಂತರ್ಗಾಮಿಗಳ ಕಥೆ ಎಂದೊಡನೆ ನಮಗೆ ನೆನಪಾಗುವುದು ಎರಡು ಘಟನೆಗಳು. ಡಿಸೆಂಬರ್ 3–4ರ ನಡುರಾತ್ರಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಘಾಜಿ ಮುಳುಗಿತು. ಅದರಲ್ಲಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಡಿಸೆಂಬರ್ 9ರಂದು ದಿಯು ಸಮೀಪ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಐಎನ್ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿದಂತೆ 18 ಅಧಿಕಾರಿಗಳು ಮತ್ತು 176 ನಾವಿಕರು ಜಲಸಮಾಧಿಯಾದರು. ಆದರೆ ನಮ್ಮದೇ ಜಲಾಂತರ್ಗಾಮಿಗಳು ಆ ಯುದ್ಧದಲ್ಲಿ ಏನು ಮಾಡಿದವು? ಅವು ಯಾವ ಹಡಗನ್ನೂ ಮುಳುಗಿಸಲಿಲ್ಲ. ಕರಂಜ್ ಅರಬ್ಬಿ ಸಮುದ್ರದಲ್ಲಿ ಕರಾಚಿಯ ಕಡೆ ಗಸ್ತಿನಲ್ಲಿತ್ತು. ಅದರ ಕಮಾಂಡರ್ ವಿ.ಎಸ್. ಶೇಖಾವತ್ ವೀರಚಕ್ರ ಪಡೆದರು, ಮುಂದೆ ನೌಕಾಪಡೆಯ ಮುಖ್ಯಸ್ಥರೂ ಆದರು. ಗುರಿ ಶತ್ರುವಿನ ಯುದ್ಧನೌಕೆಯೇ ಎಂದು ಖಚಿತಪಡಿಸಿಕೊಂಡೇ ದಾಳಿ ಮಾಡಬೇಕೆಂಬ ಕಟ್ಟುನಿಟ್ಟು ನಮ್ಮ ಜಲಾಂತರ್ಗಾಮಿಗಳ ಮೇಲಿತ್ತು. ಅನ್ಯದೇಶಗಳ ವ್ಯಾಪಾರಿ ಹಡಗುಗಳು ಸಂಚರಿಸುವ ಜಲಮಾರ್ಗದಲ್ಲಿ, ಕತ್ತಲಲ್ಲಿ, ಸದ್ದನ್ನಷ್ಟೇ ಆಲಿಸಿ ಇದನ್ನು ಪಾಲಿಸುವುದು ಸುಲಭದ ಮಾತಲ್ಲ. ಹಾರಿಸದೇ ಉಳಿದ ಟಾರ್ಪೆಡೊಗಳ ಹಿಂದೆಯೂ ಒಂದು ಶಿಸ್ತು, ಒಂದು ಸಂಯಮ ಇತ್ತು. ಅದರ ವಿವರ ಬಲ್ಲವರು ಅಂದು ಒಳಗಿದ್ದವರು ಮಾತ್ರ.

ಹಾರಿಸದ ಆಯುಧದ ಮಹತ್ವವನ್ನು ಜಗತ್ತಿಗೆ ತೋರಿಸಿಕೊಟ್ಟದ್ದೂ ಇದೇ ಫಾಕ್ಸ್‌ಟ್ರಾಟ್ ಮಾದರಿಯ ಮತ್ತೊಂದು ಜಲಾಂತರ್ಗಾಮಿ ಎಂಬುದು ಗಮನಾರ್ಹ. 1962ರ ಅಕ್ಟೋಬರ್ 27ರಂದು, ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಉತ್ತುಂಗದಲ್ಲಿ, ಸೋವಿಯತ್ ಒಕ್ಕೂಟದ ಬಿ–59 ಅಮೆರಿಕದ ಯುದ್ಧನೌಕೆಗಳ ನಡುವೆ ಸಿಲುಕಿತ್ತು. ಮೇಲೇಳುವಂತೆ ಸೂಚಿಸಲು ಅಮೆರಿಕನ್ನರು ಸಣ್ಣ ಸಿಡಿಗುಂಡುಗಳನ್ನು ಎಸೆಯುತ್ತಿದ್ದರು. ಒಳಗೆ 45 ಡಿಗ್ರಿ ಮೀರಿದ ಸೆಕೆ, ಬರಿದಾಗುತ್ತಿರುವ ಬ್ಯಾಟರಿ, ಮಾಸ್ಕೋದೊಂದಿಗೆ ಸಂಪರ್ಕವಿಲ್ಲ. ಮೇಲೆ ಯುದ್ಧ ಆರಂಭವಾಗಿಯೇ ಬಿಟ್ಟಿದೆಯೆಂದು ಭಾವಿಸಿದ ಕ್ಯಾಪ್ಟನ್ ಅಣ್ವಸ್ತ್ರ ಟಾರ್ಪೆಡೊವನ್ನು ಸಜ್ಜುಗೊಳಿಸುವ ಮಾತಾಡಿದ. ಅದೇ ನೌಕೆಯಲ್ಲಿದ್ದ ಅಧಿಕಾರಿ ವಸೀಲಿ ಅರ್ಖಿಪೋವ್ ಸಮಾಧಾನದಿಂದ ತಡೆದರು. ಬಿ–59 ಮೇಲೆದ್ದಿತು, ಪರಮಾಣು ಯುದ್ಧದ ಅಪಾಯವೊಂದು ತಪ್ಪಿತು. ಈ ಸಂಗತಿ ವ್ಯಾಪಕವಾಗಿ ಬೆಳಕಿಗೆ ಬಂದದ್ದು ಬಿಕ್ಕಟ್ಟಿನ 40ನೇ ವರ್ಷದ ನಿಮಿತ್ತ 2002ರಲ್ಲಿ ಹವಾನಾದಲ್ಲಿ ನಡೆದ ಸಮಾವೇಶದ ಸಂದರ್ಭದಲ್ಲಿ, ಸಹ ನಾವಿಕನೊಬ್ಬನ ಸಾಕ್ಷ್ಯದಿಂದ. ಅಷ್ಟರಲ್ಲಿ ಅರ್ಖಿಪೋವ್ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಆ ಸಹನಾವಿಕ ಬದುಕಿರದಿದ್ದರೆ, ಇಲ್ಲವೇ ಮಾತನಾಡದಿದ್ದರೆ, ಆ ದಿನ ಏನಾಗಲಿಲ್ಲ ಎಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಜಲಾಂತರ್ಗಾಮಿಯ ಇತಿಹಾಸ ಬಹುಮಟ್ಟಿಗೆ ಇಂಥ ‘ಆಗದೇ ಹೋದ’ ಸಂಗತಿಗಳ ಇತಿಹಾಸ. ಸಿಡಿಯದೆ ಉಳಿದ ಬ್ಯಾಟರಿ, ಪತ್ತೆಯಾಗದೆ ಉಳಿದ ನೌಕೆ, ಹೊರಡದೆ ಉಳಿದ ಟಾರ್ಪೆಡೊ. ಕಡತಗಳಲ್ಲಿ ಇದಕ್ಕೆ ಹೆಚ್ಚೆಂದರೆ ಒಂದು ಸಾಲು ಸಿಕ್ಕೀತು. ಉಳಿದದ್ದೆಲ್ಲ ಮನುಷ್ಯರ ನೆನಪಿನಲ್ಲಿದೆ. ಆ ಮನುಷ್ಯರಿಗೆ ಈಗ ಎಪ್ಪತ್ತೈದು, ಎಂಬತ್ತು ದಾಟಿದೆ.

ಸರ್ಕಾರ ಬಾಯಿ ಮುಚ್ಚಿಕೊಂಡಿದ್ದಾಗ ಆ ಜಾಗವನ್ನು ಬೇರೆ ಯಾರೋ ತುಂಬುತ್ತಾರೆ. ಘಾಜಿ ಮುಳುಗಿದ್ದು ಐಎನ್ಎಸ್ ರಜಪೂತ್ ಎಸೆದ ಸಿಡಿಗುಂಡುಗಳಿಂದ ಎಂಬುದು ನಮ್ಮ ಅಧಿಕೃತ ನಿಲುವು. ತಾನೇ ಬಿತ್ತುತ್ತಿದ್ದ ಸಮುದ್ರ ಸ್ಫೋಟಕಗಳಿಂದ ಎಂಬುದು ಪಾಕಿಸ್ತಾನದ ವಾದ. ಇದಕ್ಕೆ ಸಂಬಂಧಿಸಿದ ನಮ್ಮ ದಾಖಲೆಗಳು ನಾಶವಾಗಿವೆ ಎಂದು 2010ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. 2017ರಲ್ಲಿ ತೆರೆಕಂಡ ‘ದಿ ಘಾಜಿ ಅಟ್ಯಾಕ್’ ಚಿತ್ರ ಮೂರನೆಯದೇ ಕಥೆ ಹೇಳಿತು. ಅದರಲ್ಲಿ ಭಾರತದ ಜಲಾಂತರ್ಗಾಮಿಯೊಂದು ಸೆಣಸಾಡಿ ಘಾಜಿಯನ್ನು ಮುಳುಗಿಸುತ್ತದೆ. ಸಿನಿಮಾಕ್ಕೆ ಕಲ್ಪನೆಯ ಸ್ವಾತಂತ್ರ್ಯವಿದೆ, ಆಕ್ಷೇಪಿಸುವಂತಿಲ್ಲ. ಆದರೆ ಇಂದಿನ ತರುಣರ ಪಾಲಿಗೆ ಅದೇ ಇತಿಹಾಸವಾಗಿ ಕೂತಿದೆ. ನಮ್ಮ ಬೀದಿಯ ಹುಡುಗರು ಆ ಚಿತ್ರ ನೋಡಿ ಬಂದು ಉತ್ಸಾಹದಿಂದ ಪ್ರಶ್ನೆ ಹಾಕಿದಾಗ ನನ್ನ ಗೆಳೆಯರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಹೇಳಿದ್ದು ಒಂದೇ ಮಾತು: ‘ಒಳಗಿದ್ದವರು ನಮ್ಮಂಥವರೇ ತಮ್ಮಾ. ನೀರು ಒಳಗ ಬರೋ ಸಪ್ಪಳ ಎಲ್ಲಾರಿಗೂ ಒಂದೇ.’ ಯುದ್ಧದ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಅತಿ ದೀರ್ಘ ಹೇಳಿಕೆ ಅದು. ಶತ್ರುವನ್ನು ಸೋಲಿಸಲು ಸಿದ್ಧನಿದ್ದವನಿಗೆ ಮಾತ್ರ ಹೀಗೆ ಮಾತನಾಡುವ ಅಧಿಕಾರವಿರುತ್ತದೆ. ಟಿವಿಯ ಮುಂದೆ ಕೂತು ಯುದ್ಧಕ್ಕೆ ಹಾತೊರೆಯುವ ನಮಗೆ ಇಂಥ ದನಿ ತುರ್ತಾಗಿ ಬೇಕಾಗಿದೆ. ಗುಟ್ಟಿನ ಹೆಸರಿನಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಈ ವಿವೇಕವನ್ನೂ ಹೌದು.

ಇದಕ್ಕೆ ಒಂದು ಪ್ರಬಲ ಆಕ್ಷೇಪವಿದೆ. ಜಲಾಂತರ್ಗಾಮಿಯ ಶಕ್ತಿಯೇ ಅದೃಶ್ಯತೆ. ಒಂದು ನೌಕೆ ಹೊರಡಿಸುವ ಸದ್ದಿನ ಸ್ವರೂಪ, ಅದು ಅಡಗುವ ನೀರಿನ ಪದರ, ಗಸ್ತಿನ ಜಾಗ ಇವುಗಳಲ್ಲಿ ಯಾವುದು ಬಯಲಾದರೂ ಇಂದು ನೀರಿನೊಳಗಿರುವ ನಾವಿಕರ ಜೀವಕ್ಕೆ ಕುತ್ತು. 2016ರಲ್ಲಿ ಅರಿಹಂತ್ ಸೇವೆಗೆ ಸೇರಿದ ಮೇಲಂತೂ ನಮ್ಮ ಅಣ್ವಸ್ತ್ರ ನೀತಿಯ ಒಂದು ಆಧಾರವೇ ಕಡಲಾಳದ ಈ ಗುಟ್ಟು. ಈ ವಾದವನ್ನು ಹಗುರವಾಗಿ ಕಾಣಬಾರದು. ಶಾಂತಿಕಾಲದಲ್ಲೂ ಈ ಕೆಲಸದಲ್ಲಿ ಎಷ್ಟು ಅಪಾಯವಿದೆ ಎಂಬುದನ್ನು 2013ರ ಆಗಸ್ಟ್ 14ರಂದು ಮುಂಬೈ ಬಂದರಿನಲ್ಲೇ ಸ್ಫೋಟಗೊಂಡು 18 ಮಂದಿಯನ್ನು ಬಲಿ ತೆಗೆದುಕೊಂಡ ಸಿಂಧುರಕ್ಷಕ್ ದುರಂತ ತೋರಿಸಿದೆ. ಮರುವರ್ಷದ ಫೆಬ್ರುವರಿಯಲ್ಲಿ ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತಾಗ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿದರು. ಸೇವೆಯಲ್ಲಿರುವ ನೌಕೆಗಳ ಬಗ್ಗೆ ಒಂದಕ್ಷರವೂ ಹೊರಬರಬಾರದು ಎಂದರೆ ಒಪ್ಪೋಣ. ಆದರೆ ಕಡಲತೀರದಲ್ಲಿ ಪ್ರವಾಸಿಗರಿಗಾಗಿ ತೆರೆದಿಟ್ಟ ನೌಕೆಗೂ, ಅರ್ಧಶತಮಾನ ದಾಟಿದ ಯುದ್ಧಕ್ಕೂ ಇದೇ ಬೀಗವೇಕೆ?

ಕಾನೂನಿನ ಮಟ್ಟದಲ್ಲಿ ಈ ಪ್ರಶ್ನೆಗೆ ಉತ್ತರವೊಂದು ಸಿದ್ಧವಾಗಿಯೇ ಇದೆ. ಯುದ್ಧ ಮತ್ತು ಸೇನಾ ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೋಪ್ಯ ಪಟ್ಟಿಯಿಂದ ತೆಗೆಯಬೇಕು ಎಂಬ ನೀತಿಗೆ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಯುದ್ಧದ ದಿನಚರಿಗಳು, ನೌಕೆಗಳ ಕಾರ್ಯಾಚರಣೆಯ ವರದಿಗಳು ಸಚಿವಾಲಯದ ಇತಿಹಾಸ ವಿಭಾಗಕ್ಕೆ ಬರಬೇಕು; ಇತಿಹಾಸ ರಚನೆಯಾದ ಮೇಲೆ ಹಳೆಯ ದಾಖಲೆಗಳನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ವರ್ಗಾಯಿಸಬೇಕು ಎಂಬುದು ಅದರ ಆಶಯ. ಕಾರ್ಗಿಲ್ ಪರಾಮರ್ಶೆ ಸಮಿತಿ ಬಹಳ ಹಿಂದೆಯೇ ಹೇಳಿದ್ದ ಮಾತಿಗೆ ಸಿಕ್ಕ ಮನ್ನಣೆ ಇದು. ಆದರೆ ಈ ನೀತಿಯ ದೃಷ್ಟಿ ಇರುವುದು ಕಾಗದದ ಮೇಲೆ. ಕಡತಕ್ಕೆ ಬಿಡುಗಡೆಯ ಅವಧಿ ಗೊತ್ತುಪಡಿಸಿದೆ, ಮನುಷ್ಯನಿಗೆ ಇಲ್ಲ. ನಿವೃತ್ತ ನಾವಿಕನೊಬ್ಬನಿಗೆ, ‘ನೀನು ಕಾದ ಗುಟ್ಟಿನ ಅವಧಿ ಮುಗಿದಿದೆ, ಇಷ್ಟನ್ನು ಇನ್ನು ಹೇಳಬಹುದು’ ಎಂದು ತಿಳಿಸುವ ಪತ್ರ ಯಾರಿಂದಲೂ ಬರುವುದಿಲ್ಲ. ಹೀಗಾಗಿ ಆತ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಅಂಜಿಕೆಯಲ್ಲೋ, ಬಾಲ್ಯದಿಂದ ರೂಢಿಯಾದ ನಿಷ್ಠೆಯಲ್ಲೋ ಕೊನೆಯವರೆಗೂ ತುಟಿ ಬಿಚ್ಚುವುದಿಲ್ಲ.

ಬೇರೆಡೆಯ ನಿದರ್ಶನಗಳು ನಮ್ಮ ಮುಂದಿವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನಿಯ ಸಂಕೇತಗಳನ್ನು ಬಿಡಿಸಿದ ಸಾವಿರಾರು ಸ್ತ್ರೀಪುರುಷರು ಮನೆಯವರಿಗೂ ತಿಳಿಸದೆ ಆ ಗುಟ್ಟನ್ನು ಕಾದರು. 1974ರಲ್ಲಿ ಆ ವಿಷಯ ಬಯಲಾದ ಮೇಲಷ್ಟೇ ಅವರಿಗೆ ಬಾಯಿ ಬಂತು. ಸರ್ಕಾರ ಅವರಿಗೊಂದು ಸ್ಮರಣ ಬ್ಯಾಡ್ಜ್ ಕೊಡಲು 2009ರವರೆಗೆ ಕಾಯಿತು. ಅಷ್ಟರಲ್ಲಿ ಬಹಳಷ್ಟು ಮಂದಿ ಕಣ್ಮುಚ್ಚಿದ್ದರು. ಈ ಪಾಠ ಕಲಿತೋ ಎಂಬಂತೆ ಅಮೆರಿಕದ ಸಂಸತ್ತು 2000ದಲ್ಲಿ ಕಾನೂನು ಮಾಡಿ, ತನ್ನ ರಾಷ್ಟ್ರೀಯ ಗ್ರಂಥಾಲಯದ ಮೂಲಕ ಮಾಜಿ ಯೋಧರ ನೆನಪುಗಳನ್ನು ಧ್ವನಿಮುದ್ರಿಸುವ ಯೋಜನೆ ಆರಂಭಿಸಿತು. ಅಲ್ಲಿ ಸೇನಾಪತಿಯ ಮಾತಿಗಿರುವಷ್ಟೇ ಬೆಲೆ ಅಡುಗೆಯವನ ಮಾತಿಗೂ ಇದೆ.

ನಮ್ಮಲ್ಲಿ ಪ್ರಯತ್ನವೇ ನಡೆದಿಲ್ಲವೆಂದಲ್ಲ. ವೈಸ್ ಅಡ್ಮಿರಲ್ ಜಿ.ಎಂ. ಹೀರಾನಂದಾನಿ ಅವರು ಬರೆದ ನೌಕಾಪಡೆಯ ಇತಿಹಾಸ ಸಂಪುಟಗಳು ಜಲಾಂತರ್ಗಾಮಿ ದಳದ ಹುಟ್ಟು ಬೆಳವಣಿಗೆಯನ್ನು ದಾಖಲಿಸಿವೆ. ಕೆಲವು ಅಧಿಕಾರಿಗಳ ಆತ್ಮಕಥೆಗಳೂ ಬಂದಿವೆ. ಆದರೆ ಇವೆಲ್ಲ ಇಂಗ್ಲಿಷಿನಲ್ಲಿವೆ, ಬಹುಪಾಲು ಅಧಿಕಾರಿಗಳ ಕಣ್ಣಿನಿಂದ ಕಂಡವು. ಬ್ಯಾಟರಿ ಕೋಣೆಯಲ್ಲಿ ತೆವಳಿದ, ಎಂಜಿನ್ ಪಕ್ಕದಲ್ಲಿ ಕಿವಿ ಕಳೆದುಕೊಂಡ, ತನ್ನ ತಾಯಿನುಡಿಯಲ್ಲಿ ಹೆದರಿದ, ಪ್ರಾರ್ಥಿಸಿದ ನಾವಿಕನ ಮಾತು ಅವುಗಳಲ್ಲಿ ವಿರಳ. ಜಲಾಂತರ್ಗಾಮಿಯಲ್ಲಿ ಈ ತಾರತಮ್ಯಕ್ಕೆ ಅರ್ಥವೇ ಇಲ್ಲ. ಎದೆಯ ಮೇಲೆ ಡಾಲ್ಫಿನ್ ಲಾಂಛನ ಧರಿಸಬೇಕಾದರೆ ಪ್ರತಿಯೊಬ್ಬನೂ ತನ್ನ ಕೆಲಸದ ಜೊತೆಗೆ ಇಡೀ ನೌಕೆಯ ಯಂತ್ರವ್ಯವಸ್ಥೆಯನ್ನು ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಒಬ್ಬ ತಪ್ಪು ಕವಾಟ ತಿರುಗಿಸಿದರೆ ಎಲ್ಲರ ಪ್ರಾಣವೂ ಹೋಗುತ್ತದೆ. ಅಲ್ಲಿ ಎಲ್ಲರ ಜೀವವೂ ಎಲ್ಲರ ಕೈಯಲ್ಲಿದೆ ಎಂದ ಮೇಲೆ ಇತಿಹಾಸವೂ ಎಲ್ಲರದ್ದಾಗಬೇಕಲ್ಲವೇ?

ಕರ್ನಾಟಕಕ್ಕೆ ಇದರಲ್ಲಿ ವಿಶೇಷ ಹೊಣೆಯಿದೆ. ಸೇನೆ ಎಂದರೆ ನಮಗೆ ಕೊಡಗು ನೆನಪಾಗುತ್ತದೆ, ಕಾರ್ಯಪ್ಪ, ತಿಮ್ಮಯ್ಯ ನೆನಪಾಗುತ್ತಾರೆ, ಅದು ಸರಿಯೇ. ಆದರೆ ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ಕಡಲತೀರವಿರುವ ನಾಡು ನಮ್ಮದು. 2005ರಲ್ಲಿ ಕಾರವಾರದಲ್ಲಿ ಐಎನ್ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲಾ ಭಾಗದ ಸಾವಿರಾರು ಕುಟುಂಬಗಳು ತಲೆಮಾರುಗಳ ನೆಲ ಬಿಟ್ಟುಕೊಟ್ಟಿವೆ. ಕಾರವಾರದ ತೀರದಲ್ಲಿ ಐಎನ್ಎಸ್ ಚಪಲ ಎಂಬ ಕ್ಷಿಪಣಿ ದೋಣಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಇಷ್ಟಾದರೂ ನೌಕಾಪಡೆಯ ಕನ್ನಡಿಗರ ಅನುಭವ ನಮ್ಮ ಸಾಹಿತ್ಯಕ್ಕಾಗಲಿ, ಇತಿಹಾಸ ಬರವಣಿಗೆಗಾಗಲಿ ಇಳಿದಿರುವುದು ಅತ್ಯಲ್ಪ. ಬಯಲುಸೀಮೆಯ ಹಳ್ಳಿಗಳಿಂದ ಹೊರಟು ಕಡಲಾಳಕ್ಕಿಳಿದವರ ನೆನಪುಗಳು ಆಡುನುಡಿಯ ಸೊಗಡಿನೊಂದಿಗೆ ದಾಖಲಾದರೆ ಅದು ಕನ್ನಡಕ್ಕೂ ಒಂದು ಹೊಸ ಲೋಕ.

ಮಾಡಬೇಕಾದ ಕೆಲಸ ದೊಡ್ಡ ಖರ್ಚಿನದಲ್ಲ. ಸೈನಿಕ ಕಲ್ಯಾಣ ಇಲಾಖೆಯ ಬಳಿ ಜಿಲ್ಲಾವಾರು ಮಾಜಿ ಸೈನಿಕರ ವಿವರವಿದೆ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಲ್ಲಿ ವಿದ್ಯಾರ್ಥಿಗಳಿದ್ದಾರೆ, ಅವರ ಕೈಯಲ್ಲಿ ಧ್ವನಿ ಮುದ್ರಿಸಿಕೊಳ್ಳುವ ಮೊಬೈಲ್‌ಗಳಿವೆ. ಯಾವ ಕಾಲದ, ಯಾವ ನೌಕೆಗಳ ಬಗ್ಗೆ ಏನೇನು ಹೇಳಬಹುದು, ಏನನ್ನು ಹೇಳಬಾರದು ಎಂಬ ಸ್ಪಷ್ಟ ಮಾರ್ಗಸೂಚಿಯನ್ನು ನೌಕಾಪಡೆ ಪ್ರಕಟಿಸಿದರೆ ಸಾಕು. ಸಂದೇಹವಿರುವ ಭಾಗಗಳನ್ನು ನೌಕಾಪಡೆಯೇ ಪರಿಶೀಲಿಸಲಿ, ಬೇಕಾದರೆ ಇನ್ನೂ ಕೆಲವು ವರ್ಷ ಮುದ್ರೆಯೊತ್ತಿ ಇಡಲಿ. ಈಗ ಮುದ್ರಿಸಿಕೊಂಡು ಮುಂದೆ ಬಿಡುಗಡೆ ಮಾಡಲು ಅಡ್ಡಿಯಿಲ್ಲ. ಈಗ ಮುದ್ರಿಸಿಕೊಳ್ಳದಿದ್ದರೆ ಮುಂದೆ ಬಿಡುಗಡೆ ಮಾಡಲು ಏನೂ ಉಳಿದಿರುವುದಿಲ್ಲ. ಸರ್ಕಾರದ ಆದೇಶಕ್ಕೆ ಕಾಯದೆ ಕುಟುಂಬದವರು, ನೆರೆಹೊರೆಯವರು ಮಾಡಬಹುದಾದ ಕೆಲಸವೂ ಇದೆ. ಗುಟ್ಟಿನ ಮಾತು ಬೇಡ. ಊಟ ಏನಿತ್ತು, ನಿದ್ದೆ ಹೇಗಿತ್ತು, ಗೆಳೆಯರು ಯಾರಿದ್ದರು, ಭಯವಾದಾಗ ಏನು ಮಾಡುತ್ತಿದ್ದಿರಿ ಎಂದು ಕೇಳುವುದಕ್ಕೆ ಯಾವ ಕಾಯ್ದೆಯೂ ಅಡ್ಡಬರುವುದಿಲ್ಲ.

ನೌಕಾಪಡೆಯಲ್ಲಿ ಹಡಗುಗಳಿಗೆ ಸಾವಿಲ್ಲ ಎಂಬ ನಂಬಿಕೆಯಿದೆ. 1996ರಲ್ಲಿ ನಿವೃತ್ತವಾದ ಕಲ್ವರಿಯ ಹೆಸರು 2017ರಲ್ಲಿ ಹೊಸ ಸ್ಕಾರ್ಪೀನ್ ಮಾದರಿಯ ಜಲಾಂತರ್ಗಾಮಿಗೆ ಬಂತು. ಖಂಡೇರಿ, ಕರಂಜ್, ವೇಲಾ, ವಾಗೀರ್ ಹೆಸರುಗಳೂ ಮರಳಿದವು. 2025ರ ಜನವರಿಯಲ್ಲಿ ವಾಗ್‌ಶೀರ್ ಸೇರ್ಪಡೆಯೊಂದಿಗೆ ಆ ಸರಣಿಯ ಆರು ನೌಕೆಗಳು ಪೂರ್ತಿಯಾದವು. ಹೆಸರು ಹೀಗೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಸಂಸ್ಥೆಗೆ ನೆನಪನ್ನೂ ದಾಟಿಸುವುದು ಕಷ್ಟವಾಗಲಾರದು. ಹೊಸ ಕಲ್ವರಿಯಲ್ಲಿ ಇಂದು ಕಾವಲಿರುವ ತರುಣನಿಗೆ ಹಳೆಯ ಕಲ್ವರಿಯ ಕಾಲದ ನಾವಿಕರ ಧ್ವನಿ ಕೇಳಿಸುವಂತಾದರೆ ಅದಕ್ಕಿಂತ ಮಿಗಿಲಾದ ತರಬೇತಿ ಯಾವುದಿದೆ?

ನನ್ನ ಗೆಳೆಯರ ಧ್ವನಿ ಎಲ್ಲಿಯೂ ದಾಖಲಾಗಿಲ್ಲ. ಅವರು ಕಾದ ಗುಟ್ಟಿನಿಂದ ಈಗ ದೇಶಕ್ಕೆ ಲಾಭವೂ ಇಲ್ಲ, ಅದು ಹೊರಬಂದಿದ್ದರೆ ನಷ್ಟವೂ ಇರಲಿಲ್ಲ. ಅವರ ಪತ್ನಿಗೆ ತಮ್ಮ ಬದುಕಿನ ಹದಿನೈದು ವರ್ಷಗಳ ಲೆಕ್ಕ ಮಾತ್ರ ಸಿಗುತ್ತಿತ್ತು. ಅವರ ಜೊತೆಯ ಕೆಲವರು ಬೆಳಗಾವಿಯಲ್ಲೋ, ಕಲಬುರ್ಗಿಯಲ್ಲೋ, ಮಂಗಳೂರಿನಲ್ಲೋ ಇನ್ನೂ ಇದ್ದಾರೆ. ಅವರು ಮಾತನಾಡಬಹುದು ಎಂದು ಅವರಿಗೆ ಯಾರಾದರೂ ಹೇಳಬೇಕಾಗಿದೆ. ಅದನ್ನು ಹೇಳುವ ಅಧಿಕಾರ ಇರುವವರು ತಡಮಾಡದಿರಲಿ.